ತಾಯಿಹಕ್ಕಿಯ ಹಿಕ್ಕೆ

"ಬೇಕಾದ್ರೆ ಇದರ ಮೇಲೆ ಅನ್ನ ಬಡಿಸಿಕೊಂಡು ಉಣ್ಣಬಹುದು, ನೋಡಿ," ಎಂದಳು ಕಿನುಯೊ, ಪಂಜರದ ಅಡಿಯ ತಟ್ಟೆಯನ್ನು ಎತ್ತಿ ಹಿಡಿದು. ಉಳುಕಿದ ಕಾಲನ್ನು ಎಳೆದುಕೊಂಡು, ಮಳೆಗೆ ತೊಯ್ದು ತೊಪ್ಪೆಯಾಗಿ ಆಗಷ್ಟೇ ಗುಡ್ಡ ಹತ್ತಿ ಬಂದಿದ್ದ ಮುರೋಯಿ ತಟ್ಟೆಯ ಕಡೆ ನೋಡಲೇ ಇಲ್ಲ. ಪಂಜರದ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದ ಮರಿಯ ಮೇಲಿತ್ತು ಅವನ ಕಣ್ಣು.

"ಉಳಿದ ಮರಿಗಳು?"

"ಹೋದವು. ಕೊನೇದು ಇವತ್ತು ಬೆಳಿಗ್ಗೆ ಹೋಯ್ತು. ಇನ್ನು ಇದೊಂದೇ." ಕಿನುಯೊಳ ದನಿ ಕುಗ್ಗಿತು. "ನೀವು ಹೇಳಿದ ಎಲೆಯನ್ನೇ ಹಾಕಿದೆ. ಬೆಚ್ಚಗೆ ಇಟ್ಟೆ. ತಿಂದದ್ದೆಲ್ಲ ನೀರು ನೀರಾಗಿ ಹೋಗ್ತದಲ್ಲ ಮಾರಾಯ್ರೇ, ನಾನೇನು ಮಾಡ್ಲಿ?"

ನಮ್ಮ ಗುಡ್ಡದ ನೆತ್ತಿಯಲ್ಲಿರುವ ಈ ತಂಗುಮನೆಯನ್ನು ಕಿನುಯೊ ನಡೆಸುವ ರೀತಿ ಚಾರಣಿಗರಿಗೆಲ್ಲ ಗೊತ್ತು. ಕೆಸರಿನ ಬೂಟು ಹೊಸ್ತಿಲು ದಾಟಿತೋ, ಎಂಥ ದೊಡ್ಡ ಮನುಷ್ಯನಾದರೂ ಬೈಸಿಕೊಂಡೇ ಒಳಗೆ ಬರಬೇಕು. ಅಂಥವಳ ಕೈಗೆ ಮುರೋಯಿ, ಹಿಮದ ಗುಡ್ಡಗಳ ನೆತ್ತಿಯಲ್ಲಷ್ಟೇ ಬಾಳುವ, ಕೋಳಿಯಂಥ ಗುಡುಗುಹಕ್ಕಿಯ ಸಂಸಾರವನ್ನು ಒಪ್ಪಿಸಿ ಹೋಗಿದ್ದ. ಅವನು ಮೃಗಾಲಯದವನು. ನರಿಗಳು ಈಚೆಗೆ ಇಷ್ಟೆತ್ತರಕ್ಕೂ ಹತ್ತಿ ಬಂದು ಮರಿಗಳನ್ನು ಮುಗಿಸುತ್ತಿದ್ದವು. ಅದಕ್ಕೇ ಮರಿ ಗಟ್ಟಿಯಾಗುವವರೆಗೆ ತಾಯಿ-ಮರಿಗಳನ್ನು ಪಂಜರದಲ್ಲಿಟ್ಟು ಕಾಯುವುದು ಅವನ ಕೆಲಸ. ಹಗಲು ಬಾಗಿಲು ತೆಗೆದು ಮೇಯಲು ಬಿಡಬೇಕು, ಹಿಂದೆ ಹಿಂದೆ ತಾನೂ ಅಲೆಯಬೇಕು, ಸಂಜೆ ಮೆಲ್ಲಗೆ ಅಟ್ಟಿಕೊಂಡು ಬರಬೇಕು. ಕಾಲು ಉಳುಕಿ ಅವನು ಊರಿಗೆ ಇಳಿದದ್ದೇ ತಡ, ಮಳೆ ಹಿಡಿದುಕೊಂಡಿತು. ಹಕ್ಕಿಗಳು ಹಗಲೂ ರಾತ್ರಿ ಪಂಜರದಲ್ಲೇ ಉಳಿದವು. ಬಕೆಟ್ಟು, ಬ್ರಷ್ಷು ಹಿಡಿದು ಕಿನುಯೊ ಕೂಡ ಅಲ್ಲೇ ಉಳಿದಳು.

ಮುರೋಯಿ ಮತ್ತೊಮ್ಮೆ ಪಂಜರದೊಳಗೆ ಇಣುಕಿದ. "ಅಕ್ಕಾ, ತಾಯಿ ಒಣ ಹಿಕ್ಕೆ ಹಾಕ್ತದೆ ಸರಿ. ಆಗೊಮ್ಮೆ ಈಗೊಮ್ಮೆ ಕಂದುಬಣ್ಣದ್ದು, ಮೆತ್ತಗೆ ನಾವು ಸಾರಿಗೆ ಕದಡೋ ಮಿಸೊ ಹಿಟ್ಟಿನ ಥರದ್ದು ಹಾಕ್ತದಲ್ಲ, ಅದೆಲ್ಲಿ?"

"ಥೂ, ಆ ಅಂಟು ಗಲೀಜಾ! ಈ ಮುಂಡೇವು ಅದಕ್ಕೇ ಬಾಯಿ ಹಾಕೋಕೆ ಓಡಿ ಬರ್ತಿದ್ವು. ನಾನು ಬಿಡ್ತೀನಾ? ಬಿದ್ದ ಕೂಡಲೇ ತಟ್ಟೆ ಎಳೆದು, ಕುದಿಯೋ ನೀರು ಸುರಿದು ತೊಳೆದೆ."

ಮುರೋಯಿ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಕೆಳಗಿಟ್ಟ.

"ಅಕ್ಕಾ, ಮರಿಗಳಿಗೆ ಬೇಕಾಗಿದ್ದದ್ದೇ ಅದು. ಈ ಗುಡ್ಡದ ಎಲೆಯಲ್ಲಿ ವಿಷ ಇರ್ತದೆ. ತಾಯಿಯ ಕರುಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೂತು ಆ ವಿಷವನ್ನ ಮುರೀತವೆ, ನಾರನ್ನ ಕರಗಿಸ್ತವೆ. ಮರಿ ಹುಟ್ಟುವಾಗ ಅದರ ಹೊಟ್ಟೇಲಿ ಅವು ಇರೋದಿಲ್ಲ. ತಾಯಿ ಹಿಕ್ಕೆ ತಿಂದೇ ಒಳಗೆ ಸೇರಿಸ್ಕೋಬೇಕು."

"ಹೇಳಲಿಲ್ಲ ನೀವು."

"ಹೇಳಲಿಲ್ಲ. ತಾಯಿ ಜೊತೆಗೇ ಇದ್ದಾಳಲ್ಲ, ನಾನೇನು ಹೇಳೋದು ಅಂದ್ಕೊಂಡೆ. ತಪ್ಪು ನಂದೇ."

"ತೊಳೆದದ್ದು ನಾನಲ್ವಾ!" ಕಿನುಯೊ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಚಾಪೆಯ ಮೇಲೊಂದು ಕೂದಲು ಬಿದ್ದರೂ ನಿದ್ದೆ ಬಾರದ ಹೆಂಗಸು ಅವಳು. ಇಷ್ಟು ವರ್ಷ ಅದೇ ಅವಳ ಹೆಮ್ಮೆಯಾಗಿತ್ತು.

ಇನ್ನು ಕಾಯುವುದಷ್ಟೇ ಉಳಿದಿತ್ತು. ಮಂಜಿನಲ್ಲಿ ಇಬ್ಬರೂ ಪಂಜರದ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ತಾಯಿಗೇನು ಅವಸರ? ಗರಿ ಕೆದರಿಕೊಂಡು ಆರಾಮವಾಗಿ ಕೂತಿತ್ತು. ದಾರಿಹೋಕನೊಬ್ಬ ಬಗ್ಗಿ, "ಏನು ಕಾಯ್ತಿದ್ದೀರಿ?" ಎಂದ.

"ಹಕ್ಕಿ ಕಕ್ಕ ಮಾಡೋದನ್ನ! ಸದ್ದು ಮಾಡ್ಬೇಡಿ, ನಡೀರಿ ಅತ್ಲಾಗೆ," ಎಂದು ಕಿನುಯೊ ಗದರಿದಳು. ಅಷ್ಟು ಸಂಕಟದ ನಡುವೆಯೂ ಮುರೋಯಿಗೆ ನಗು ಬಂತು.

ಕತ್ತಲಾಗುವ ಮೊದಲು ತಾಯಿ ಎದ್ದು ಮೈ ಕೊಡವಿತು, ಬಾಲ ಎತ್ತಿತು. ಬಿದ್ದದ್ದು ಆ ಕಂದು ಮೆತ್ತನೆಯದೇ. ಮರಿ ತಲೆ ಎತ್ತಿತೇ ಹೊರತು ಅಲ್ಲಿಯವರೆಗೆ ನಡೆಯಲಾಗಲಿಲ್ಲ. ಮುರೋಯಿ ಚೀಲದಲ್ಲಿ ಚಮಚಕ್ಕೆ ತಡಕಾಡುತ್ತಿದ್ದಾಗಲೇ ಕಿನುಯೊ ಕೈಗವಸು ಕಿತ್ತೆಸೆದು, ಬರಿಬೆರಳಿನಲ್ಲೇ ಬಳಿದು, ಮರಿಯ ಕೊಕ್ಕಿನ ಮುಂದೆ ಹಿಡಿದಳು.

"ತಿನ್ನು ಕಂದಾ. ನಿಮ್ಮಮ್ಮನದೇ. ತಿನ್ನೋ ನನ್ನಪ್ಪಾ."

ಮರಿ ಕುಟುಕಿತು. ಒಮ್ಮೆ ರುಚಿ ಹತ್ತಿದ್ದೇ ಬೆರಳನ್ನೇ ಕಿತ್ತುಕೊಳ್ಳುವಂತೆ ಕುಟುಕಿತು. ಅಬ್ಬಾ, ಆಳೆತ್ತರ ಹಿಮ ಬೀಳುವ ಜಾಗದಲ್ಲಿ ಕಹಿ ಎಲೆ ತಿಂದು ಬಾಳುವ ಶಕ್ತಿಯೆಲ್ಲ ಆ ಒಂದು ಚಿಟಿಕೆಯಲ್ಲಿತ್ತು! ಮನುಷ್ಯರಾದ ನಮಗೆ ಅದು ತೊಳೆಯುವ ವಸ್ತುವಾಗಿ ಕಂಡಿತ್ತು. ಮುರೋಯಿ ಆವತ್ತಿನಿಂದ ಮರಿಗೆ ಎಲೆ ನಿಲ್ಲಿಸಿ, ಹುಳು ಮತ್ತು ಮೆದು ಕಾಳು ಕೊಟ್ಟ. ತಟ್ಟೆ ತೊಳೆಯುವುದು ನಿಂತಿತು.

ಮಳೆ ಬಿಟ್ಟ ಮೇಲೊಂದು ಬೆಳಿಗ್ಗೆ ಮುರೋಯಿ, "ಇವತ್ತು ಬಿಡೋಣ. ಬಾಗಿಲು ನೀವೇ ತೆಗೀರಿ ಅಕ್ಕಾ," ಎಂದ.

"ಎಲೆ ತಿಂದ್ರೆ?"

"ತಿನ್ನಲೇಬೇಕಲ್ಲ."

ತಾಯಿ ಕುಕ್ ಕುಕ್ ಎನ್ನುತ್ತ ಬಂಡೆಗಳ ನಡುವೆ ನಡೆಯಿತು. ಮರಿ ಹಿಂದೆಯೇ ಓಡಿ, ನೆಲಕ್ಕಂಟಿ ಬೆಳೆದ ಪೊದೆಯೊಂದರ ಬಳಿ ನಿಂತು, ಗಟ್ಟಿ ಹಸಿರೆಲೆಯೊಂದನ್ನು ಎಳೆದು ಹರಿದು ನುಂಗಿತು. ಕಿನುಯೊ ಮುರೋಯಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಬಿಸಿಲು ಮೇಲೇರುವವರೆಗೂ ಇಬ್ಬರೂ ಹಿಂಬಾಲಿಸಿದರು. ಬಂಡೆಯೊಂದರ ಮೇಲೆ ಮರಿ ನಿಂತಿತು, ಬಾಲ ಎತ್ತಿತು. ಕಿನುಯೊ ಮಂಡಿಯೂರಿ ಬಗ್ಗಿ ನೋಡಿದಳು. ಹಿಕ್ಕೆ ಗಟ್ಟಿಯಾಗಿತ್ತು.

ಅವಳು ತಲೆ ಎತ್ತುವಷ್ಟರಲ್ಲಿ ಮರಿ ಮುಂದಿನ ಪೊದೆಗೆ ಹೋಗಿ ಇನ್ನೊಂದು ಎಲೆ ಕಿತ್ತಿತ್ತು.