ಅರವತ್ತೊಂದನೆಯ ಪುಟ

ಎದುರು ಬೆಂಚಿನವನು ಸ್ಕೂಟರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದಾನೆ, ಅರ್ಧ ಕಣ್ಣು ಮುಚ್ಚಿ, ಬಾಯಿ ಒಂದು ಕಡೆಗೆ ಸೊಟ್ಟ ಮಾಡಿ, ಲೋಕದಲ್ಲಿ ಇದಕ್ಕಿಂತ ಸುಖ ಇನ್ನೊಂದಿಲ್ಲವೆಂಬಂತೆ — ಕಾದಂಬರಿಯ ನಾಯಕ ಯಾವತ್ತಾದರೂ ಕಿವಿ ಕೆರೆದುಕೊಂಡದ್ದುಂಟೇ, ಮೂವತ್ತು ವರ್ಷದಿಂದ ಓದುತ್ತಿದ್ದಾಳೆ, ವಾರಕ್ಕೆ ಎರಡರಂತೆ, ಒಬ್ಬನೇ ಒಬ್ಬ ಕೆರೆದುಕೊಂಡಿಲ್ಲ, ಅವರಿಗೆಲ್ಲ ಅಗಲವಾದ ಎದೆ, ಹಣೆಯ ಮೇಲೆ ಹೇಳಿದ ಹಾಗೆ ಕೇಳುವ ಒಂದೇ ಒಂದು ಗುಂಗುರು, ಅಡುಗೆಮನೆ ಬಾಗಿಲಿಗೆ ಒರಗಿ ನಿಂತರೆ ಮೂರು ಪುಟ ಅಲ್ಲೇ ನಿಂತಿರುತ್ತಾರೆ, ಒಂದು ಲೋಟ ತೊಳೆದಿಡುವುದಿಲ್ಲ. ಅತ್ತೆಯರು ಎರಡೇ ಬಗೆ, ಮೊದಲನೆಯವಳು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು, ಎರಡನೆಯವಳು ಸಾಯುವ ಮುಂಚೆ ಅದನ್ನು ಸೊಸೆಯ ಕೈಗೆ ಕೊಡುವವಳು, ಮೂರನೆಯ ಬಗೆ, ಅಂದರೆ ಬೀಗದ ಕೈ ಎಲ್ಲಿಟ್ಟೆನೆಂದು ಇಡೀ ದಿನ ಹುಡುಕುವವಳು, ಯಾವ ಲೇಖಕಿಗೂ ಬೇಡ. ಕಾಯಿಲೆಗಳೂ ಹಾಗೆಯೇ, ನಾಯಕಿಗೆ ಬಂದರೆ ಎದೆಯದು, ಇಲ್ಲ ರಕ್ತದ್ದು, ಹೊಟ್ಟೆ ಕೆಟ್ಟ ನಾಯಕಿ ಒಬ್ಬಳೂ ಇಲ್ಲ, ಮರೆವು ಬಂದರಂತೂ ಕಾರು ಮರಕ್ಕೆ ಗುದ್ದಲೇಬೇಕು, ತಲೆಗೆ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಅಂದವಾಗಿ ಒಂದೇ ಒಂದು ಕೆಂಪು ಚುಕ್ಕೆ, ಎಚ್ಚರವಾದಾಗ ಅವಳು ಮರೆತಿರುವುದು ಗಂಡನೊಬ್ಬನನ್ನೇ, ಉಳಿದದ್ದೆಲ್ಲ ನೆನಪಿದೆ, ಹಾಲು ಉಕ್ಕುವ ಮುಂಚೆ ಒಲೆ ಆರಿಸುತ್ತಾಳೆ, ಕೊನೆಯ ಅಧ್ಯಾಯದಲ್ಲಿ ಮೆಟ್ಟಿಲಿನಿಂದ ಉರುಳಿ ಬಿದ್ದರೆ ಗಂಡನೂ ವಾಪಸು ಬರುತ್ತಾನೆ — ಎಷ್ಟು ಅನುಕೂಲದ ಮರೆವು, ಫೈಲಕ್ಕ ಮೂಗು ಮುರಿದಳು, ಅಂಥದ್ದಾದರೆ ನಾನೂ ಒಂದು ತಗೊಳ್ಳುತ್ತಿದ್ದೆ.

ಫೈಲಕ್ಕ ಎನ್ನುವುದು ಆಫೀಸಿನವರು ಇಟ್ಟ ಹೆಸರು, ನಗರಸಭೆಯ ರೆಕಾರ್ಡ್ ರೂಮಿನಲ್ಲಿ ಮೂವತ್ತೆರಡು ವರ್ಷ, ಯಾವ ಕಪಾಟಿನ ಯಾವ ಖಾನೆಯಲ್ಲಿ ಯಾವ ಫೈಲು ಅಂತ ಕಣ್ಣು ಮುಚ್ಚಿ ಹೇಳುವವಳು, ಈಗ ಕಣ್ಣು ತೆರೆದುಕೊಂಡೇ ನರರೋಗದ ಡಾಕ್ಟರ ಕೋಣೆಯ ಮುಂದೆ ಹದಿನೇಳನೆಯ ಟೋಕನ್ನು ಹಿಡಿದು ಕೂತಿದ್ದಾಳೆ, ಮಡಿಲಲ್ಲಿ ಕಾದಂಬರಿ, ಪಕ್ಕದಲ್ಲಿ ಸ್ಕೂಲಿಗೆ ರಜೆ ಹಾಕಿ ಬಂದ ಮಗಳು, ಮಗಳ ಚೀಲದಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳು, ಅವಳೂ ತಿದ್ದುತ್ತಿಲ್ಲ. ಸಾಹೇಬರು ಹೇಳಿದ್ದು ಇಷ್ಟೇ, ಮೆತ್ತಗೆ, ಕುರ್ಚಿ ಕೊಟ್ಟು ಕೂರಿಸಿ, ಸೋಮವಾರದೊಳಗೆ ಡಾಕ್ಟರ ಚೀಟಿ ತಂದುಕೊಡಿ ಅಕ್ಕಾ, ಎಲ್ಲ ಸರಿ ಇದೆ ಅಂತ ಬರೆದಿದ್ದರೆ ನಿಮ್ಮ ರೂಮು ನಿಮ್ಮದೇ, ಇಲ್ಲದಿದ್ದರೆ ಮನೇಲಿ ಆರಾಮಾಗಿರಿ — ಆರಾಮ, ಆ ಮನೆಯಲ್ಲಿ, ಮಗಳು ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಐದಕ್ಕೆ, ಮಧ್ಯೆ ಗೋಡೆಗೆ ನಾನು, ನನಗೆ ಗೋಡೆ, ಗ್ಯಾಸ್ ಒಲೆಯ ಗುಂಡಿಯನ್ನು ಮಗಳು ಈಗಾಗಲೇ ಕಿತ್ತಿಟ್ಟುಕೊಂಡು ಸ್ಕೂಲಿಗೆ ಹೋಗುತ್ತಾಳೆ, ಗುಂಡಿ ಸಡಿಲವಾಗಿದೆ ರಿಪೇರಿಗೆ ಅನ್ನುತ್ತಾಳೆ, ಎರಡು ತಿಂಗಳಿಂದ ರಿಪೇರಿ. ಮತ್ತೆ ಆ ಫೈಲಿನ ವಿಷಯ, ಅದನ್ನು ಊರೆಲ್ಲ ದೊಡ್ಡದು ಮಾಡಿದರು, ಅಣ್ಣತಮ್ಮಂದಿರ ಕಾಂಪೌಂಡ್ ಗೋಡೆ ಜಗಳದ ಫೈಲು, ನೂರಹನ್ನೆರಡು ಪುಟ, ಅಣ್ಣನ ಅರ್ಜಿ, ತಮ್ಮನ ಉತ್ತರ, ಅಣ್ಣನ ಹೆಂಡತಿ ತಮ್ಮನ ಹೆಂಡತಿಯ ಬಟ್ಟೆ ಹಗ್ಗದ ಮೇಲೆ ಕೊಟ್ಟ ದೂರು, ಕೊನೆಗೆ ಇಬ್ಬರೂ ಒಳ್ಳೆಯ ಮಕ್ಕಳೇ ಅಂತ ಮುದುಕಿ ತಾಯಿಯ ಹೆಬ್ಬೆಟ್ಟು, ಊಟದ ಹೊತ್ತಿನಲ್ಲಿ ಕೂತು ಓದಿದಳು, ಇಷ್ಟು ಒಳ್ಳೆಯ ಸಾಂಸಾರಿಕ ಕಾದಂಬರಿ ಅವಳು ಜನ್ಮದಲ್ಲಿ ಓದಿಲ್ಲ, ಕೊನೆಯಲ್ಲಿ ಯಾರೂ ಯಾರ ಕಾಲಿಗೂ ಬಿದ್ದು ಕ್ಷಮಿಸು ಅನ್ನುವುದಿಲ್ಲ, ಗೋಡೆ ಗೋಡೆಯಾಗಿಯೇ ಇರುತ್ತದೆ. ಓದಿದ ಮೇಲೆ ಗುರುತು ಹಾಕಿದಳು. ಅದು ತಪ್ಪೇ. ಅಭ್ಯಾಸ, ಕೈಯ ಅಭ್ಯಾಸ.

ಬಾಡಿಗೆ ಲೈಬ್ರರಿಗೆ ಹೋಗದವರಿಗೆ ಇದು ಅರ್ಥವಾಗುವುದಿಲ್ಲ, ಆ ಕಾದಂಬರಿಗಳ ರಕ್ಷಾಪುಟದಲ್ಲೆಲ್ಲ ಅರ್ಧ ಹೆಂಗಸಿನ ಮುಖ, ಹಿಂದೆ ಒಂದು ಬೋಳು ಮರ, ಹೆಸರುಗಳೋ ಅಕ್ಕತಂಗಿಯರಂತೆ, ಓದಿದ್ದೋ ಇಲ್ಲವೋ ಅಂತ ತಿಳಿಯಲು ಪ್ರತಿಯೊಬ್ಬರದೂ ಒಂದು ಗುಟ್ಟಿನ ಗುರುತು, ನಿವೃತ್ತ ಪೋಸ್ಟ್ ಮಾಸ್ಟರರ ಹೆಂಡತಿ ಇಪ್ಪತ್ತೈದನೆಯ ಪುಟದ ಮೊದಲ ಅಕ್ಷರದ ಕೆಳಗೆ ಚುಕ್ಕೆ ಇಡುತ್ತಾಳೆ, ದೊಡ್ಡಾಸ್ಪತ್ರೆಯ ನರ್ಸು ನಲವತ್ತನೆಯದರ ಕಿವಿ ಮಡಚುತ್ತಾಳೆ, ನೂರನೆಯ ಪುಟದಲ್ಲಿ ಸಣ್ಣ ಕತ್ತರಿ ಬರೆಯುವವನು ಟೈಲರು, ನಾನು ಇಂಥದ್ದೆಲ್ಲ ಮುಟ್ಟೋನಲ್ಲ ಅಂತ ಎಲ್ಲರೆದುರು ಹೇಳಿಕೊಂಡು ತಿರುಗುವವನು. ಫೈಲಕ್ಕನದು ಅರವತ್ತೊಂದು, ಪುಟದ ಅಡಿಯ ಅಂಕೆಯ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು, ಯಾಕೆಂದರೆ ಅವಳ ಲೆಕ್ಕದಲ್ಲಿ ಎಂಥ ನಾಯಕಿಯೂ ಅರವತ್ತನೆಯ ಪುಟದ ತನಕ ನಗುತ್ತಾಳೆ, ಅರವತ್ತೊಂದರಲ್ಲಿ ಅಳು ಶುರು. ಮಗಳು ಚಿಕ್ಕವಳಿದ್ದಾಗ ಅಮ್ಮಾ ನಾನು ಸುತ್ತು ಹಾಕ್ತೀನಿ ಅಂತ ಜಗಳ ಮಾಡುತ್ತಿದ್ದಳು, ನಾಲಿಗೆ ಹೊರಗೆ ಚಾಚಿಕೊಂಡು ಸುತ್ತು ಹಾಕುತ್ತಿದ್ದಳು, ಆಮೇಲೆ ಕಾದಂಬರಿ ಅಂದರೆ ಅವಳಿಗೆ ಆಗದು, ಗಣಿತದ ಟೀಚರು, ಸುಳ್ಳು ಓದಲು ಸಮಯವಿಲ್ಲ ಅನ್ನುತ್ತಾಳೆ. ಆಫೀಸಿನಲ್ಲಿ ಆದದ್ದೇನೆಂದರೆ ಗೋಡೆ ಫೈಲೊಂದೇ ಅಲ್ಲ, ಹನ್ನೊಂದು ಫೈಲುಗಳಲ್ಲಿ ಅರವತ್ತೊಂದನೆಯ ಪುಟಕ್ಕೆ ಸುತ್ತು, ಮೇಲಿನಿಂದ ತನಿಖೆಯವರು ಬಂದು ಗುರುತು ಹಾಕಿ ಹೋಗಿದ್ದಾರೆಂದು ಗುಸುಗುಸು, ಒಂದು ವಾರ ಇಡೀ ಆಫೀಸು ಅರವತ್ತೊಂದನೆಯ ಪುಟಗಳಲ್ಲಿ ತಪ್ಪು ಹುಡುಕಿತು, ನೀರಿನ ವಿಭಾಗದ ಗುಮಾಸ್ತ ಹೆದರಿ ಸಾಹೇಬರ ಮುಂದೆ ನಿಂತು, ಒಬ್ಬಳೇ ಅಜ್ಜಿ ಸತ್ತಳೆಂದು ಮೂರು ಸಲ ರಜೆ ತೆಗೆದುಕೊಂಡದ್ದನ್ನು ತಾನಾಗಿ ಒಪ್ಪಿಕೊಂಡ, ಅಜ್ಜಿ ಈಗಲೂ ಗಟ್ಟಿಯಾಗಿದ್ದಾಳಂತೆ. ನಕ್ಕು ನಕ್ಕು ಸಾಕಾಗಬೇಕಿತ್ತು, ಆದರೆ ಸಾಹೇಬರು ನಗಲಿಲ್ಲ, ಹನ್ನೊಂದೂ ನೀವೇನಾ ಅಕ್ಕಾ ಅಂದರು, ಅವಳಿಗೆ ನೆನಪಿದ್ದದ್ದು ಒಂದು, ಹತ್ತು ಬೇರೆ ಯಾರೋ, ಬೇರೆ ಯಾರೋ ಅವಳ ಕೈಯಲ್ಲಿ.

ಟೋಕನ್ನು ಹದಿಮೂರು ಅಂತ ಕಾಂಪೌಂಡರು ಕೂಗಿದ, ಕಿವಿಯವನು ಕೀಲಿ ಜೇಬಿಗೆ ಹಾಕಿ ಎದ್ದ, ಇನ್ನೂ ಹೊತ್ತಿದೆ, ಓದೋಣ, ಒಳಗೆ ಡಾಕ್ಟರು ಏನಾದರೂ ಕೇಳಿದರೆ ಈ ಕಥೆಯನ್ನೇ ಮೊದಲಿನಿಂದ ಹೇಳಿಬಿಡುತ್ತೇನೆ, ಹೊಸ ಪುಸ್ತಕ, ಶನಿವಾರ ಮಗಳು ತಂದದ್ದು, ಮೊಣಕಾಲಿಗೆ ಲೈಬ್ರರಿಯ ಮೆಟ್ಟಿಲು ಬೇಡವೆಂದು ಒಂದು ವರ್ಷದಿಂದ ತರುವುದು, ಹಿಂದಿರುಗಿಸುವುದು ಎಲ್ಲ ಅವಳೇ, ಮರೆತವಳು ಯಾರಾದರೂ ಹೊಸ ಕಥೆಯನ್ನು ಹೀಗೆ ಒಪ್ಪಿಸುತ್ತಾಳೆಯೇ. ಐವತ್ತೆಂಟನೆಯ ಪುಟ, ಬಸ್ ಮುಷ್ಕರ, ಉರಿಬಿಸಿಲು, ಮಗುವಿಗೆ ಜ್ವರ, ನಾಯಕ ನಾಲ್ಕು ಮೈಲಿ ನಡೆದು ಔಷಧಿ ತರುತ್ತಾನೆ, ದಾರಿಯಲ್ಲಿ ಪಟ್ಟಿ ಕಿತ್ತು ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ — ಅರೆ, ಫೈಲಕ್ಕನ ಬೆರಳು ಸಾಲಿನ ಮೇಲೆ ನಿಂತಿತು, ಇದು ನಮ್ಮ ಮನೆಯವರ ವಿಷಯ, ಬಸ್ ಡಿಪೋದ ಟೈಮ್ ಕೀಪರು, ಅವತ್ತು ಮುಷ್ಕರ, ಮಗಳಿಗೆ ಜ್ವರ, ಅವರು ಬಾಗಿಲಲ್ಲಿ ನಿಂತ ಹಾಗೆಯೇ ಕಾಣುತ್ತಿದೆ, ಕೈಯಲ್ಲಿ ಸೀಸೆ, ಇನ್ನೊಂದು ಕೈಯಲ್ಲಿ ಚಪ್ಪಲಿ, ಬೆವರು ಮೂಗಿನ ತುದಿಯಲ್ಲಿ, ಈ ಲೇಖಕಿಗೆ ಯಾರು ಹೇಳಿದರು, ನಮ್ಮ ಮನೆಯ ಸಂಗತಿ ಅಚ್ಚು ಹಾಕಲು ಇವಳಿಗೇನು ಹಕ್ಕು, ಮೂವತ್ತು ವರ್ಷದಲ್ಲಿ ಒಂದು ಸಲ ಮಾಡಿದ ಒಳ್ಳೆಯ ಕೆಲಸ, ಅದನ್ನೂ ಕದ್ದುಬಿಟ್ಟಳು. ನಿನ್ನೆ ಊಟಕ್ಕೆ ಕೂತಾಗ ಮಗಳಿಗೆ ಇದನ್ನೇ ಹೇಳಿದಳು, ನಿಮ್ಮಪ್ಪ ಹೊರಗೆ ಒರಟು ಕಣೇ, ಆದರೆ ಅವತ್ತು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬಂದರಲ್ಲ, ಮಗಳು ತಟ್ಟೆಯಿಂದ ತಲೆ ಎತ್ತದೆ, ಚಪ್ಪಲಿ ಪುಸ್ತಕದ್ದಮ್ಮ, ನಡೆದವಳು ನೀನು, ಅಪ್ಪ ಒಳಗಿಂದ ಚಿಲಕ ಹಾಕ್ಕೊಂಡು ಮಲಗಿದ್ರು, ಅಂದಳು, ಅಂದು ತಕ್ಷಣ ತುಟಿ ಕಚ್ಚಿಕೊಂಡಳು, ಇನ್ನೊಂದು ಚೂರು ಹಾಕ್ಕೋ ಅಂತ ಬಡಿಸಲು ಬಂದಳು, ಎಂಥ ಕಲ್ಲೆದೆಯವಳು ಅಂತ ಫೈಲಕ್ಕ ರಾತ್ರಿಯೆಲ್ಲ ನೊಂದುಕೊಂಡದ್ದೇ ಬಂತು, ಸತ್ತು ಎಂಟು ವರ್ಷವಾದ ತಂದೆಯ ಮೇಲೆ ಹೀಗೆ. ಚಿಲಕ. ಒಳಗಿನಿಂದ ಹಾಕಿದ ಚಿಲಕದ ಸದ್ದು ಬೇರೆ ಇರುತ್ತದೆ, ಹೊರಗೆ ನಿಂತವರಿಗೆ ಕೇಳಿಸುವ ಸದ್ದು, ಅದು ಕೇಳಿದ್ದು ಹೌದು, ಅಂಗಾಲಿಗೆ ಟಾರಿನ ಬಿಸಿ ಹತ್ತಿದ್ದೂ ಹೌದು, ಆದರೆ ಅಂಗಾಲು ಯಾರದು — ಇರಲಿ, ಅದಿರಲಿ, ಪುಸ್ತಕದ್ದು ಅಂದಳಲ್ಲ ನಿನ್ನೆ, ನಿನ್ನೆ ನಾನೇ ಈ ಪುಟಕ್ಕೆ ಬಂದಿರಲಿಲ್ಲ, ಕಾದಂಬರಿ ಮುಟ್ಟದವಳು, ಹೊಸ ಪುಸ್ತಕ, ಐವತ್ತೆಂಟನೆಯ ಪುಟದಲ್ಲಿ ಚಪ್ಪಲಿ ಇದೆಯೆಂದು ಅವಳಿಗೆ ಹೇಗೆ ಗೊತ್ತು.

ಐವತ್ತೆಂಟು ಎಡಕ್ಕೆ, ಐವತ್ತೊಂಬತ್ತು ಬಲಕ್ಕೆ, ಒಂದೇ ಒಂದು ಹಾಳೆ ತಿರುಗಿಸಿದರೆ ಅರವತ್ತೊಂದು, ಸುತ್ತು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ತಿರುಗಿಸದಿದ್ದರೆ ಎರಡೂ ಅಲ್ಲ, ಅವಳು ಐವತ್ತೊಂಬತ್ತನ್ನು ಓದಿದಳು, ಮತ್ತೆ ಓದಿದಳು, ನಾಯಕನ ಅಂಗಾಲಿಗೆ ಹೆಂಡತಿ ಬೆಣ್ಣೆ ಹಚ್ಚುತ್ತಾಳೆ, ಅಲ್ಲಿ ಅರ್ಧ ಪುಟ, ಅಷ್ಟು ಬೆಣ್ಣೆ ಯಾರ ಮನೆಯಲ್ಲಿರುತ್ತದೆ, ಹದಿನಾರು ಅಂದ ಕಾಂಪೌಂಡರು, ಮಗಳು ಬಗ್ಗಿ ನೋಡಿ, ಯಾಕಮ್ಮ ಎಷ್ಟೊತ್ತಿಂದ ಒಂದೇ ಪುಟ ನೋಡ್ತಾ ಕೂತಿದ್ದೀಯ, ಕೊಡು, ಚೀಲದಲ್ಲಿಡ್ತೀನಿ, ಮಗಳ ಕೈ ಬಂತು, ಆ ಕೈ ಬಂದ ಅವಸರ ನೋಡಿ ಫೈಲಕ್ಕ ಹಾಳೆ ತಿರುಗಿಸಿಬಿಟ್ಟಳು. ಸುತ್ತು ಇಲ್ಲ. ಒಂದು ಉಸಿರು ಹೊರಗೆ ಬಂತು, ಅರ್ಧ ಬಂತು, ಸುತ್ತು ಇಲ್ಲ ನಿಜ, ಅಂಕೆಯೂ ಇಲ್ಲ, ಅಂಕೆ ಇರಬೇಕಾದ ಕಡೆ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ನವಿರೆದ್ದು, ಮಧ್ಯೆ ಕಡಲೆ ಗಾತ್ರದ ತೂತು, ತೂತಿನ ಸುತ್ತ ಪೆನ್ಸಿಲು ಒತ್ತಿದ ಗೀರುಗಳ ನೆರಳು, ಒಂದರ ಹೊರಗೆ ಒಂದು, ಒಂದರ ಹೊರಗೆ ಒಂದು, ತೂತಿನೊಳಗಿನಿಂದ ಕೆಳಗಿನ ಹಾಳೆಯ ಅಂಕೆ ಇಣುಕುತ್ತಿದೆ, ೬೩. ಅವಳು ಮಗಳ ಕಡೆ ನೋಡಿದಳು, ಮಗಳು ತೂತಿನ ಕಡೆ ನೋಡುತ್ತಿದ್ದಳು, ಮಕ್ಕಳ ಉತ್ತರಪತ್ರಿಕೆಯಲ್ಲಿ ತನ್ನದೇ ತಪ್ಪು ಸಿಕ್ಕಿದವಳಂತೆ, ಕೊನೇ ಸಲ ರಬ್ಬರು ಸ್ವಲ್ಪ ಜೋರಾಗಿ ಉಜ್ಜಿಬಿಟ್ಟೆ ಅನ್ಸುತ್ತೆ ಅಮ್ಮ, ಅಂದಳು, ತುಂಬ ಮೆತ್ತಗೆ. ಎಷ್ಟು ಸಲ. ಮಗಳು ತೂತಿನ ಅಂಚಿನ ನವಿರನ್ನು ಬೆರಳ ತುದಿಯಿಂದ ಒತ್ತಿ ಮಲಗಿಸಿದಳು. ಇದನ್ನೇ ಯಾಕೆ ತಂದೆ, ಲೈಬ್ರರಿಯಲ್ಲಿ ಬೇರೆ ಇರಲಿಲ್ವಾ. ಬೇರೆ ತಂದರೆ ಓದೋದಿಲ್ಲ ನೀನು, ಅರ್ಧಕ್ಕೆ ಬಿಡ್ತೀಯ, ಇದೊಂದು ಓದುವಾಗ ಚೆನ್ನಾಗಿ ಊಟ ಮಾಡ್ತೀಯ, ಅಪ್ಪನ್ನ ಬೈಯೋದಿಲ್ಲ, ನಿದ್ದೆ ಬರುತ್ತೆ ನಿಂಗೆ — ಅಂದರೆ ಶನಿವಾರ ಒಯ್ದು, ಉಜ್ಜಿ, ಮತ್ತೆ ಶನಿವಾರ ಹೊಸ ಪುಸ್ತಕ ಅಂತ ತಂದು, ನಾಲಿಗೆ ಹೊರಗೆ ಚಾಚಿಕೊಂಡು ಉಜ್ಜಿದಳೋ ಏನೋ, ಎಷ್ಟು ಶನಿವಾರ, ಒಂದು ಕಾಗದ ತೂತಾಗಲು ಎಷ್ಟು ಶನಿವಾರ ಬೇಕು, ಹದಿನೇಳು, ಕಾಂಪೌಂಡರು ಕೂಗಿದ, ಹದಿನೇಳು ಯಾರಪ್ಪ, ಇನ್ನೊಮ್ಮೆ ಕೂಗಿದ, ಏಳಮ್ಮ, ಮಗಳು ತೋಳು ಹಿಡಿದಳು, ಬಿಡು, ನಡೆಯಲು ಬರುತ್ತದೆ ನನಗೆ.

ಡಾಕ್ಟರು ಒಳ್ಳೆಯವರು, ಕನ್ನಡಕ ತೆಗೆದಿಟ್ಟು ಮಾತಾಡುತ್ತಾರೆ, ಇವತ್ತು ಯಾವ ವಾರ, ಗುರುವಾರ, ಯಾವ ತಿಂಗಳು, ಹೇಳಿದಳು, ಮೂರು ಪದ ಹೇಳ್ತೀನಿ ನೆನಪಿಟ್ಕೊಳ್ಳಿ, ಛತ್ರಿ, ಬಾಳೆ, ಗಂಟೆ, ಇಟ್ಟುಕೊಂಡಳು, ನಿಮ್ಮ ಯಜಮಾನರು ಏನು ಮಾಡ್ತಿದ್ರು, ಡಿಪೋದಲ್ಲಿ ಟೈಮ್ ಕೀಪರು, ಹೇಗಿದ್ರು, ಮಗಳ ಕುರ್ಚಿ ಕಿರ್ ಅಂದಿತು, ಫೈಲಕ್ಕ ಮೇಜಿನ ಅಂಚು ನೋಡುತ್ತಾ, ಬಾಗಿಲು ಹಾಕ್ಕೊಂಡು ಮಲಗ್ತಿದ್ರು, ಅಂದಳು, ಡಾಕ್ಟರಿಗೆ ಅದರಲ್ಲಿ ಬರೆದುಕೊಳ್ಳುವಂಥದ್ದೇನೂ ಕಾಣಲಿಲ್ಲ, ತುಂಬ ಚೆನ್ನಾಗಿ ಹೇಳ್ತಿದ್ದೀರಿ, ಇದೊಂದು ಕೊನೇದು, ಎಪ್ಪತ್ತರಿಂದ ಹಿಂದಕ್ಕೆ ಎಣಿಸ್ತಾ ಬನ್ನಿ, ಆತುರ ಇಲ್ಲ. ಇದೇನು ಮಹಾ, ಮೂವತ್ತೆರಡು ವರ್ಷ ಪುಟ ಎಣಿಸಿದವಳು, ಎಪ್ಪತ್ತು, ಅರವತ್ತೊಂಬತ್ತು, ಅರವತ್ತೆಂಟು, ದನಿ ಗಟ್ಟಿಯಾಗಿದೆ, ಚೀಟಿ ಸಿಕ್ಕ ಹಾಗೆಯೇ, ಅರವತ್ತೇಳು, ಅರವತ್ತಾರು, ಸೋಮವಾರ ರೂಮಿನ ಬಾಗಿಲು ತೆಗೆದರೆ ಹಳೆ ಕಾಗದದ ಆ ವಾಸನೆ, ಅರವತ್ತೈದು, ಅರವತ್ತನಾಲ್ಕು, ಮಗಳೂ ಒಳಗೊಳಗೇ ಜೊತೆಗೆ ಎಣಿಸುತ್ತಿದ್ದಾಳೆ, ತುಟಿ ಅಲ್ಲಾಡುತ್ತಿದೆ, ಅರವತ್ತಮೂರು — ಹೇಳಿ, ಮುಂದಿನದು, ಡಾಕ್ಟರು ಕಾದರು, ಪೆನ್ನಿನ ಟೋಪಿ ತೆಗೆದರು, ಗೊತ್ತಿದೆ, ಗೊತ್ತಿಲ್ಲದ್ದಲ್ಲ, ಗೊತ್ತಿದೆ, ಅರವತ್ತಮೂರು, ಅದರ ಮೇಲೆ ಒಂದು ಹಾಳೆ, ಹಾಳೆಯ ಎರಡು ಬದಿಯ ಅಂಕೆಯನ್ನೂ ನುಂಗಿದ ತೂತು, ನವಿರೆದ್ದ ಅಂಚು, ಅಂಚಿನ ಹೊರಗೆ ಅಳಿಸಿದ ಸುತ್ತು, ಅದರ ಹೊರಗೆ ಅಳಿಸಿದ ಸುತ್ತು, ನಿಧಾನವಾಗಿ ಹೇಳಿ ಅಮ್ಮ, ಅರವತ್ತಮೂರು, ತೂತು, ತೂತಿನೊಳಗೆ ಅರವತ್ತಮೂರು