ಗುಜರಿ ಅಂಗಡಿಯ ತೂಕ

ಗುಜರಿ ಅಂಗಡಿಯವನ ಹೆಂಡತಿಗೆ ಕರುಳಿನ ಆಪರೇಷನ್ ಆಗಿ ಹತ್ತು ತಿಂಗಳಾಗಿತ್ತು. ಕರುಳಿನ ತುದಿಯನ್ನು ಹೊಟ್ಟೆಯ ಹೊರಗೆ ತಂದು, ಮಲ ಬಂದು ಬೀಳಲು ಅದಕ್ಕೊಂದು ಚೀಲ ಅಂಟಿಸಿದ್ದರು. ಮತ್ತೆ ಒಳಗೆ ಜೋಡಿಸಿ ಚೀಲ ತೆಗೆಯಬಹುದು, ಆದರೆ ಎಂಬತ್ತನಾಲ್ಕು ಕಿಲೋ ಇರುವವರು ಎಪ್ಪತ್ತಾರಕ್ಕೆ ಇಳಿಯಬೇಕು, ಇಲ್ಲದಿದ್ದರೆ ಹೊಲಿಗೆ ನಿಲ್ಲುವುದಿಲ್ಲ ಎಂದರು ಡಾಕ್ಟರು. ನಾಲ್ಕು ಜನರ ನಡುವೆ ಚೀಲ ಎಲ್ಲಿ ಸದ್ದು ಮಾಡುತ್ತದೋ ಎಂದು ಮಗಳ ಮನೆಗೂ ಹೋಗದೆ ಕೂತಿದ್ದವಳಿಗೆ ಅಷ್ಟು ಮಾತು ಸಾಕಾಯಿತು. ಸಕ್ಕರೆ ಬಿಟ್ಟಳು, ಕರಿದದ್ದು ಬಿಟ್ಟಳು, ಹಳೇ ಪೇಪರಿನ ಕಟ್ಟುಗಳ ಸುತ್ತ ಬೆಳಗ್ಗೆ ಸಂಜೆ ಗಾಣದೆತ್ತಿನ ಹಾಗೆ ಸುತ್ತಿದಳು.

ವಾರ ಕಳೆದ ಮೇಲೆ, ಅಂಗಡಿಯಲ್ಲಿ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನಿಂತಳು.

"ರೀ, ಎಪ್ಪತ್ತೊಂಬತ್ತು! ಒಂದೇ ವಾರಕ್ಕೆ ಐದು ಕಿಲೋ!"

ಹತ್ತು ತಿಂಗಳಲ್ಲಿ ಅವಳು ಬಾಯಿತುಂಬ ನಕ್ಕದ್ದು ಅದೇ ಮೊದಲು. ಗಂಡನ ಮುಖ ಮಾತ್ರ ಹುಳ್ಳಗಾಯಿತು. ಆ ಯಂತ್ರ ಇಪ್ಪತ್ತು ಕಿಲೋಗೆ ಒಂದು ಕಿಲೋ ಕಡಿಮೆ ತೋರಿಸುತ್ತಿತ್ತು. ಪೇಪರು, ಕಬ್ಬಿಣ ತಂದು ಹಾಕುವವರಿಗೆ ಗೊತ್ತಾಗದಂತೆ ಅದರ ಸ್ಪ್ರಿಂಗ್ ತಿರುಚಿಟ್ಟಿದ್ದವನೂ ಅವನೇ. ಹೆಂಡತಿಯ ಕಣ್ಣಿಗಂತೂ ಅವನು ಸತ್ಯಹರಿಶ್ಚಂದ್ರನ ಖಾಸಾ ತಮ್ಮ. ನಿಜ ಹೇಳಿದರೆ ಅವಳ ನಗುವೂ ಹೋಗುತ್ತದೆ, ತನ್ನ ಮಾನವೂ ಹೋಗುತ್ತದೆ. ಪುಣ್ಯಾತ್ಮ ಬಾಯಿಗೆ ಬೀಗ ಹಾಕಿಕೊಂಡ. ನಾಳೆ ಹೇಳಿದರಾಯಿತು ಎನ್ನುತ್ತಲೇ ಐದು ವಾರ ಕಳೆಯಿತು. ಮುಳ್ಳು ಎಪ್ಪತ್ತಾರಕ್ಕೆ ಬಂದ ದಿನ ಅವಳು ಮಗಳಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟಳು.

ಆಸ್ಪತ್ರೆಯ ಯಂತ್ರ ಎಂಬತ್ತು ತೋರಿಸಿತು.

"ನಿಮ್ಮದು ಕೆಟ್ಟಿದೆ ಸಿಸ್ಟರ್," ಎಂದು ಅವಳು ನರ್ಸಿನ ಮೇಲೆಯೇ ಏರಿಹೋದಳು. "ನಮ್ಮ ಮನೆಯವರು ಇಪ್ಪತ್ತು ವರ್ಷದಿಂದ ತೂಗ್ತಿದ್ದಾರೆ. ಒಂದು ಗ್ರಾಂ ಆಚೀಚೆ ಆಗಿಲ್ಲ. ಹೇಳ್ರೀ ನೀವೇ!"

ಗಂಡ ನೆಲ ನೋಡಿದ. "ಇವರದ್ದು ಸರಿಯಾಗೇ ಇದೆ ಕಣೇ. ನಮ್ಮದೇ ಕಡಿಮೆ ತೋರಿಸೋದು. ನಾನೇ ಹಾಗೆ ಮಾಡಿಟ್ಟಿದ್ದೆ."

ಆಪರೇಷನ್ ಮುಂದಕ್ಕೆ ಹೋಯಿತು. ಊರವರಿಗೆ ತೋಡಿದ ಹಳ್ಳಕ್ಕೆ ಮನೆಯವಳೇ ಬಿದ್ದಿದ್ದಳು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮನೆಗೆ ಬಂದ ಮೇಲೆ ಆಡಿದ್ದು ಒಂದೇ ಮಾತು: "ಮೊದಲು ಅದನ್ನ ಸರಿ ಮಾಡಿ. ಊಟ ಆಮೇಲೆ."

ಸರಿ ಮಾಡಿದ. ಅವಳು ಹತ್ತಿದಳು. ಎಂಬತ್ತು. ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ನಡೆಯಲು ಹೊರಟಳು. ಅವನೂ ಹಿಂದೆಯೇ ಹೊರಟ. ಅವಳು ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹತ್ತು ದಿನ ಹೀಗೇ ಆಯಿತು. ಹನ್ನೊಂದನೆಯ ದಿನ, "ಬೇಗ ಹೆಜ್ಜೆ ಹಾಕಿ, ಒಳ್ಳೇ ಆಮೆ ಹಾಗೆ ಬರ್ತೀರಲ್ಲ," ಎಂದು ಗದರಿದಳು. ಅವನಿಗೆ ಹೋದ ಜೀವ ಬಂದಂತಾಯಿತು.

ಎರಡು ತಿಂಗಳಿಗೆ ಆಸ್ಪತ್ರೆಯಲ್ಲೂ ಎಪ್ಪತ್ತಾರು ಬಂತು. ಡಾಕ್ಟರು ತಾರೀಖು ಬರೆದುಕೊಟ್ಟರು.

ಆ ದಿನ ಆಪರೇಷನ್ ಕೋಣೆಯ ಮುಂದೆ, ತಳ್ಳುಮಂಚದ ಮೇಲೆ ಮಲಗಿದ್ದವಳು ಅವನ ಕೈ ಹಿಡಿದುಕೊಂಡಳು.

"ರೀ, ಭಯ ಆಗ್ತಿದೆ. ಏನೂ ಆಗಲ್ಲ ಅಂತ ಹೇಳಿ."

ಆ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡ.

"ಗೊತ್ತಿಲ್ಲ ಕಣೇ. ನನಗೂ ಭಯಾನೇ. ಆದ್ರೆ ನೀನು ಬರೋವರೆಗೆ ಈ ಬಾಗಿಲು ಬಿಟ್ಟು ಕದಲಲ್ಲ."

ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಹಾಗಾದ್ರೆ ಹೋಗಿ ಬರ್ತೀನಿ," ಎಂದಳು. ಮಂಚ ಹೊಸ್ತಿಲು ದಾಟುವವರೆಗೂ ಅವನ ಕೈ ಬಿಡಲಿಲ್ಲ.