ಗುರುಬಾಯಿ ಹಿಡಿದ ಆರತಿ

ನನ್ನ ಮಗ ನಿಂಗಣ್ಣ ಸತ್ತಾನೋ ಬದುಕ್ಯಾನೋ, ಅಷ್ಟು ಹೇಳ್ರಿ ಅಂತ ಎರಡು ವರ್ಷ ಕೇಳಿದೆ. ಎಪ್ಪತ್ತೊಂದರ ಲಡಾಯಿಗೆ ಹೋದಾಂವ ತಿರುಗಿ ಬರಲಿಲ್ಲ. ಅವನ ಪಲ್ಟನ್ನಿನ ಸುಬೇದಾರ ಮುಲುಂಡಿನ ನಮ್ಮ ಚಾಳಿಗೆ ಬಂದು, ಆಸೆ ಬಿಡ್ರಿ ತಾಯಿ ಅಂತ ಅತ್ತ. ದಿಲ್ಲಿ ಕಾಗದ ಮಾತ್ರ ಬ್ಯಾರೇನ ಹೇಳ್ತು: ಹೆಣ ಸಿಕ್ಕಿಲ್ಲ, ಸತ್ತದ್ದಕ್ಕ ಪುರಾವೆ ಇಲ್ಲ. ಕೆಳಗ ಒಬ್ಬ ದೊಡ್ಡ ಸಾಹೇಬನ ಸಹಿ. ಅಂವ ವರ್ದಿ ಹಾಕಿದಾಂವಲ್ಲ, ಬಂದೂಕ ಮುಟ್ಟಿದಾಂವಲ್ಲ, ಆದ್ರ ನಮ್ಮ ಜನರಲ್ ಸಾಹೇಬ್ರೂ ಅವನ ಸಹಿಗೆ ಕಾಯ್ತಾರ ಅಂದ ಸುಬೇದಾರ. ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ಲ!

ಸೊಸಿ ಗುರುಬಾಯಿಗೆ ಇಪ್ಪತ್ತೆರಡು ವರ್ಷ. ನನ್ನ ಕೂಡ ಬಿಲ್ಡಿಂಗ್ ಕೆಲಸಕ್ಕ ಬರ್ತಾಳ. ಅಲ್ಲೇ ಗಾರೆ ಕೆಲಸದ ಬಂಡೆಪ್ಪ, ಒಳ್ಳೇ ಮನಷ್ಯಾ, ಉಡಿಕಿ ಮಾಡಿಕೊಂಡು ಬಾಳಿಸ್ತೀನಿ ಅಂದ. ಗಂಡ ಸತ್ತಾಕಿಗೆ ಮತ್ತೊಬ್ಬನ ಕೂಡ ಸಂಸಾರ ಹೂಡಿಕೊಡೋದು ನಮ್ಮ ಜಾತ್ಯಾಗ ನಡಿತೈತಿ. ಆದ್ರ ಸತ್ತಿಲ್ಲ ಅಂತ ಸರಕಾರನ ಬರದೈತಿ. ಸತ್ತಾನಂತ ಕಾಗದ ತರ್ರಿ ಅಂದ್ರು ಹಿರಿಯರು. ಬಂಡೆಪ್ಪ ಯುಗಾದಿ ತನಕ ಕಾಯ್ತೀನಂದ.

ಅಷ್ಟೊತ್ತಿಗೆ ಆ ಸಾಹೇಬನ್ನೇ ಮಾಟುಂಗದ ಕನ್ನಡ ಸಂಘದವರು ಸನ್ಮಾನಕ್ಕ ಕರೆಸಿದ್ರು. ನಮ್ಮ ಕಡೆಯಾಂವನಂತ. ಅಧ್ಯಕ್ಷರ ಹೆಂಡತಿ ವಿನೋದಿನಿಬಾಯಿ ಚಾಳಿಗೇ ಬಂದು, ಯೋಧನ ಹೆಂಡತಿ ಕೈಲೆ ಆರತಿ ಎತ್ತಿಸಿದ್ರ ಪೇಪರಿನಾಗ ಫೋಟೋ ಬರ್ತೈತಿ ಅಂದ್ಳು. ನನಗ್ಯಾಕಬೇ ಫೋಟೋ? ಆದ್ರ ಅವನ ಮುಖ ನೋಡಿ ಕೇಳಬಹುದಲ್ಲ ಅಂತ ಹೂಂ ಅಂದೆ. ದಿಲ್ಲಿ ಕಾಗದ ಸೆರಗಿಗೆ ಕಟಗೊಂಡು ಲೋಕಲ್ ಹತ್ತಿದೆ.

ಗುರುಬಾಯಿ ಹಸಿರು ಬಳಿ ತೊಟ್ಟು, ಹಣಿತುಂಬ ಕುಂಕುಮ ಇಟ್ಟು ತಟ್ಟಿ ಹಿಡಕೊಂಡು ನಿಂತ್ಳು. ಸಾಹೇಬ್ರು ನಗಕೋತ ಬಂದ್ರು. ಈಕಿ ಗಂಡ ಲಡಾಯ್ಯಾಗ ಕಾಣೆಯಾಗಿ ಎರಡು ವರ್ಷಾತು ಅಂತ ಅಧ್ಯಕ್ಷರು ಕಿವ್ಯಾಗ ಹೇಳಿದ್ರು. ನಗೀ ನಿಂತ್ತು. ಸಾಹೇಬ್ರು ಒಂದು ಹೆಜ್ಜಿ ಹಿಂದ ಸರದ್ರು.

"ಆರತಿಗೆ ಬೇರೆ ಯಾರಾದರೂ ಮುತ್ತೈದೆ ಇದ್ದರೆ ನೋಡಿ" ಅಂದ್ರು, ಮೆಲ್ಲಗ.

ಸಹಿ ಮಾಡೋ ಕೈಗೆ ನನ್ನ ಮಗ ಬದುಕ್ಯಾನ, ಆರತಿ ತಗೊಳ್ಳೋ ಮುಖಕ್ಕ ಸತ್ತಾನ. ಸೆರಗಿನ ಗಂಟು ಬಿಚ್ಚಿ ಕಾಗದ ಅವನ ಮುಂದ ಹಿಡಿದೆ.

"ಸಾಹೇಬ್ರ, ಈಗ ಬಾಯಿಲೆ ಹೇಳಿದ್ದನ್ನ ಇದರ ಮ್ಯಾಲ ಬರದು ಕೊಡ್ರಿ."

ಅಂವ ಗಡಿಯಾರ ನೋಡಿದ. ಯಾರೋ ನನ್ನ ರಟ್ಟಿ ಹಿಡದು ಮೆಟ್ಟಲಿಳಿಸಿದ್ರು. ವಿನೋದಿನಿಬಾಯಿ ಗುರುಬಾಯಿ ಕೈಯಾಗಿನ ತಟ್ಟಿ ಕಸಗೊಂಡು ತಾನೇ ಬೆಳಗಿದ್ಳು.

ತಿರುಗಿ ಬರುವಾಗ ಲೋಕಲ್‌ನಾಗ ಗುರುಬಾಯಿ ಒಂದೊಂದೇ ಬಳಿ ತಗದು ನನ್ನ ಉಡ್ಯಾಗ ಹಾಕಿದ್ಳು. ಕುಂಕುಮ ಒರಸಿಕೊಂಡ್ಳು. ನಾ ತಡೀಲಿಲ್ಲ. ನಿಂಗಣ್ಣ ಸತ್ತಾನಂತ ಗೊತ್ತಾತಲ್ಲ ಅಂತ ಇಬ್ಬರೂ ಅತ್ತು ಹಗುರಾದಿವಿ.

ಯುಗಾದಿಗೆ ಎಂಟು ದಿನ ಇದ್ದಾಗ ದಿಲ್ಲಿ ಕಾಗದ ಬಂತು. ಅದೇ ಮಾತು, ಅದೇ ಸಹಿ: ಸತ್ತದ್ದಕ್ಕ ಪುರಾವೆ ಇಲ್ಲ. ಬಂಡೆಪ್ಪ ಓದಿಸಿ ಕೇಳಿ, ತಲಿ ತಗ್ಗಿಸಿ ಎದ್ದು ಹೋದ. ಮರುದಿನ ಮುಂಜಾನೆ ಗುರುಬಾಯಿ ಕನ್ನಡಿ ಮುಂದ ನಿಂತು ಮತ್ತ ಕುಂಕುಮ ಇಟ್ಟುಕೊಂಡ್ಳು, ಸಿಮೆಂಟ್ ಹೊರಾಕ ಹೋದ್ಳು.